ಯಾವ ಮಗುವಿಗೆ ಯಾವ ಪುಸ್ತಕ: ಕಿವಿಗೊಂದು, ಕಣ್ಣಿಗೊಂದು

ಮಕ್ಕಳ ಪುಸ್ತಕದ ಹಿಂಬದಿಯಲ್ಲಿ ‘8ರಿಂದ 10 ವರ್ಷ’ ಎಂದು ಅಚ್ಚು ಹಾಕಿರುತ್ತಾರಲ್ಲ, ಅದನ್ನು ನಂಬಿ ಪುಸ್ತಕ ಕೊಂಡರೆ ನಮ್ಮ ಕರಾವಳಿಯಲ್ಲಿ ಅರ್ಧಕ್ಕರ್ಧ ಕಪಾಟಿನಲ್ಲೇ ಉಳಿಯುತ್ತವೆ. ಮನೆಯಲ್ಲಿ ತುಳುವೋ ಕೊಂಕಣಿಯೋ ಬ್ಯಾರಿಯೋ, ಶಾಲೆಯಲ್ಲಿ ಇಂಗ್ಲಿಷ್, ಕನ್ನಡ ಒಂದು ಪೀರಿಯಡ್ಡಿನ ಪಾಠ ಮಾತ್ರ. ಮಂಗಳೂರು, ಉಡುಪಿಯ ಎಷ್ಟೋ ಮನೆಗಳ ಸ್ಥಿತಿ ಇದು. ಇಂಥ ಮನೆಯ ಆರನೇ ಕ್ಲಾಸಿನ ಹುಡುಗನ ಕನ್ನಡ ಓದು ಎರಡನೇ ಕ್ಲಾಸಿನ ಮಟ್ಟದಲ್ಲಿದ್ದರೆ ಆಶ್ಚರ್ಯವಿಲ್ಲ. ಆದರೆ ಅವನಿಗೆ ರುಚಿಸುವ ಕತೆ ಆರನೇ ಕ್ಲಾಸಿನದ್ದೇ. ಮೊಲ, ಆಮೆಯ ಕತೆ ಕೊಟ್ಟರೆ ಅವನಿಗೆ ಅವಮಾನ; ಕಾದಂಬರಿ ಕೊಟ್ಟರೆ ಎರಡನೇ ಪುಟಕ್ಕೇ ಸುಸ್ತು.

ಹಾಗಾಗಿ ಯಾವ ಮಗುವಿಗೂ ಒಮ್ಮೆಗೆ ಎರಡು ಪುಸ್ತಕ ಆರಿಸಿ. ಒಂದು ಕಿವಿಗೆ, ಅಂದರೆ ದೊಡ್ಡವರು ಓದಿ ಹೇಳಲಿಕ್ಕೆ; ಇನ್ನೊಂದು ಕಣ್ಣಿಗೆ, ಮಗು ತಾನೇ ಓದಲಿಕ್ಕೆ. ಮೊದಲನೆಯದು ಎರಡನೆಯದಕ್ಕಿಂತ ಎರಡು ಮೂರು ವರ್ಷ ಮುಂದಿರಲಿ.

ತಾನೇ ಓದುವ ಪುಸ್ತಕದ ಪರೀಕ್ಷೆಯನ್ನು ಅಂಗಡಿಯಲ್ಲೇ ಮಾಡಬಹುದು. ಮೊದಲ ಪುಟ ಬಿಡಿ, ಅದು ಸಾಮಾನ್ಯವಾಗಿ ಸುಲಭವಾಗಿರುತ್ತದೆ. ನಡುವಿನ ಒಂದು ಪುಟ ತೆಗೆದು ಸುಮಾರು 100 ಪದಗಳನ್ನು ಮಗು ನಿಧಾನವಾಗಿ, ಗಟ್ಟಿಯಾಗಿ ಓದಲಿ. ಐದು ಕಡೆಗಿಂತ ಕಡಿಮೆ ಎಡವಿದರೆ ಒಬ್ಬನೇ ಓದಬಲ್ಲ. ಐದರಿಂದ ಹತ್ತಾದರೆ ಪಕ್ಕದಲ್ಲಿ ಯಾರಾದರೂ ಕೂರಬೇಕು. ಹತ್ತು ದಾಟಿದರೆ ಅದು ಸದ್ಯಕ್ಕೆ ನೀವು ಓದಿ ಹೇಳುವ ಪುಸ್ತಕ. ಆಮೇಲೆ ‘ಏನಾಯ್ತು ಇದರಲ್ಲಿ?’ ಎಂದಷ್ಟೇ ಕೇಳಿ. ನೀತಿ ಏನೆಂದು ಅಂಗಡಿಯಲ್ಲಿ ನಿಂತು ಕೇಳಬೇಡಿ, ಮನೆಯಲ್ಲೂ ಕೇಳದಿದ್ದರೆ ಇನ್ನೂ ಒಳ್ಳೆಯದು.

ಎಡವಿದ್ದನ್ನು ಎಣಿಸಿದರೆ ಸಾಲದು, ಎಲ್ಲಿ ಎಡವಿತೆಂದು ನೋಡಬೇಕು. ಕನ್ನಡದಲ್ಲಿ ಹೊಸ ಓದುಗರನ್ನು ಕೆಡವುವುದು ಮುಖ್ಯವಾಗಿ ಒತ್ತಕ್ಷರ, ಅದರಲ್ಲೂ ಅರ್ಕಾವೊತ್ತು. ಕಣ್ಣಿಗೆ ಆಮೇಲೆ ಕಾಣುವುದನ್ನು ಬಾಯಿ ಮೊದಲು ಹೇಳಬೇಕಲ್ಲ. ‘ಸೂರ್ಯ’ ಎಂದಿದ್ದರೆ ಮಗು ‘ಸೂಯ್ರ’ ಎನ್ನುತ್ತದೆ, ‘ಧರ್ಮ’ ‘ಧಮ್ರ’ ಆಗುತ್ತದೆ. ಪ, ಷ, ಫ, ಘ ಒಂದೇ ಮನೆಯವರ ಹಾಗೆ ಕಾಣುತ್ತವೆ. ವ, ಮ ಕೂಡ ಹಾಗೆಯೇ. ಇವು ಅಕ್ಷರದ ತೊಡಕುಗಳು. ಮಗು ಕೇಳಿದರೆ ಅರ್ಥ ಮಾಡಿಕೊಳ್ಳುತ್ತದೆ, ಓದಲಾಗುವುದಿಲ್ಲ. ಅದಕ್ಕೆ ಒತ್ತಕ್ಷರ ಕಡಿಮೆ ಇರುವ, ಅದೇ ಬಗೆಯ ಕತೆಯ ಪುಸ್ತಕ ಸಾಕು. ಇನ್ನು ಕೆಲವು ಮಕ್ಕಳು ಪಟಪಟನೆ ಓದಿ ಮುಗಿಸುತ್ತಾರೆ, ಕೇಳಿದರೆ ಕತೆಯೇ ಗೊತ್ತಿರುವುದಿಲ್ಲ. ಮನೆಮಾತು ಕನ್ನಡವಲ್ಲದ ಮಕ್ಕಳಲ್ಲಿ ಇದು ಹೆಚ್ಚು. ಅವರಿಗೆ ಸುಲಭದ ಪುಸ್ತಕ ಕೊಟ್ಟು ಪ್ರಯೋಜನವಿಲ್ಲ. ದಿನಾ ಹತ್ತು ನಿಮಿಷ ಓದಿ ಹೇಳಬೇಕು, ನಡುನಡುವೆ ತುಳುವಿನಲ್ಲೋ ಕೊಂಕಣಿಯಲ್ಲೋ ಒಂದು ಮಾತು ಸೇರಿಸಿದರೆ ಯಾರ ಗಂಟೂ ಹೋಗುವುದಿಲ್ಲ.

ಅಚ್ಚನ್ನೂ ನೋಡಿ. ಆರೇಳು ವರ್ಷದವರಿಗೆ 18 ಪಾಯಿಂಟಿಗಿಂತ ಸಣ್ಣ ಅಕ್ಷರ ಬೇಡ, ನಾಲ್ಕನೇ ಕ್ಲಾಸಿನ ಹೊತ್ತಿಗೆ 14 ಸಾಕು. ಸಾಲುಗಳ ನಡುವೆ ಜಾಗ ಕಡಿಮೆಯಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗಿ ಎರಡೂ ಕೆಡುತ್ತವೆ. ಸಾಲಿನ ಕೊನೆಯಲ್ಲಿ ಪದ ತುಂಡಾಗಿ ‘ಹೋಗು’ ಇಲ್ಲಿ, ‘ತ್ತಿದ್ದಾನೆ’ ಕೆಳಗೆ ಬಿದ್ದಿದ್ದರೆ ಆ ಪುಸ್ತಕ ಕೆಳಗಿಡಿ.

ಐದು ವರ್ಷದೊಳಗೆ ಎಲ್ಲವೂ ಕಿವಿಯ ಲೆಕ್ಕ. ಜಿ.ಪಿ. ರಾಜರತ್ನಂ ಅವರ ‘ನಾಯಿಮರಿ’, ‘ತುತ್ತೂರಿ’, ‘ಒಂದು ಎರಡು’ ಪದ್ಯಗಳು, ಪಂಜೆ ಮಂಗೇಶರಾಯರ ‘ನಾಗರ ಹಾವೆ’ ಇಷ್ಟಿದ್ದರೆ ಧಾರಾಳವಾಯಿತು. ಒಟ್ಟಿಗೆ ಬೇಕೆಂದರೆ ಬೊಳುವಾರು ಮಹಮದ್ ಕುಂಞಿ ಸಂಪಾದಿಸಿದ ‘ತಟ್ಟು ಚಪ್ಪಾಳೆ ಪುಟ್ಟ ಮಗು’ ಹುಡುಕಿ. ಬಾಯಿಪಾಠವಾದ ಪದ್ಯವೇ ಆಮೇಲೆ ಮೊದಲ ಓದಿನ ಪಠ್ಯವೂ ಆಗುತ್ತದೆ. ಒಂದು ಎಚ್ಚರಿಕೆ: ಮಗು ಪುಟ ನೋಡುತ್ತಾ ಬಾಯಿಪಾಠ ಒಪ್ಪಿಸುತ್ತಿರಬಹುದು. ನಡುವಿನ ಒಂದು ಪದಕ್ಕೆ ಬೆರಳಿಟ್ಟು ಇದೇನು ಎಂದು ಕೇಳಿದರೆ ಗೊತ್ತಾಗುತ್ತದೆ.

ಆರರಿಂದ ಎಂಟರವರೆಗೆ ಒಂದೇ ವಾಕ್ಯ ಮತ್ತೆ ಮತ್ತೆ ಬರುವ ಕತೆಗಳು ಬೇಕು. ಪಂಜೆಯವರ ‘ಸಿಗಡಿ ಯಾಕೆ ಒಣಗಲಿಲ್ಲ’ ಇದಕ್ಕೆ ಹೇಳಿ ಮಾಡಿಸಿದ ಕತೆ. ಪ್ರಶ್ನೆಗೆ ಉತ್ತರ, ಉತ್ತರದಿಂದ ಇನ್ನೊಂದು ಪ್ರಶ್ನೆ. ಎರಡನೇ ಸುತ್ತಿಗೆ ಮಗು ಮುಂದಿನ ಸಾಲನ್ನು ಊಹಿಸಿಯೇ ಓದುತ್ತದೆ. ಮೀನು ಒಣಹಾಕಿದ ಅಂಗಳ ಕಂಡ ಮಕ್ಕಳಿಗೆ ವಿವರಿಸುವ ಕೆಲಸವೂ ಇಲ್ಲ. ಚಿತ್ರಪುಸ್ತಕ ಬೇಕಿದ್ದರೆ ಪ್ರಥಮ್ ಬುಕ್ಸ್ ಪ್ರಕಾಶನದ ಹಂತಗಳು ಅನುಕೂಲ: ಮೊದಲ ಹಂತದಲ್ಲಿ ಸುಮಾರು 250 ಪದದೊಳಗೆ, ಎರಡನೆಯದು 600ರವರೆಗೆ, ಮೂರನೆಯದು 1500ರವರೆಗೆ. ಅವರದೇ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡದವು ಪುಕ್ಕಟೆ ಸಿಗುತ್ತವೆ. ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ ಇದೇ ವಯಸ್ಸಿಗೆ ಕಿವಿಯ ಪುಸ್ತಕ. ಲಯ ಹಿಡಿದು, ನಿಲ್ಲಿಸದೆ, ಒಂದೇ ಕೂರಿಕೆಯಲ್ಲಿ ಓದಿ. ಅರ್ಥವಾಗದ ಪದಕ್ಕೆಲ್ಲ ನಿಂತರೆ ಇಲಿಗಳು ಹೊಳೆಗೆ ಬೀಳುವ ಮೊದಲೇ ಮಗು ಎದ್ದು ಹೋಗುತ್ತದೆ.

ಒಂಬತ್ತರ ಸುಮಾರಿಗೆ ನಮ್ಮ ಜಿಲ್ಲೆಗಳಿಗೆ ಒಂದು ಅನುಕೂಲವಿದೆ, ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಕತೆ ಮೊದಲೇ ಗೊತ್ತಿದ್ದರೆ ಮಗು ತನ್ನ ಮಟ್ಟಕ್ಕಿಂತ ಕಷ್ಟದ ಪುಸ್ತಕವನ್ನೂ ಓದುತ್ತದೆ. ಯಕ್ಷಗಾನದಲ್ಲಿ ಅಭಿಮನ್ಯುವನ್ನು ಕಂಡ ಮಗುವಿಗೆ ಚಕ್ರವ್ಯೂಹ, ಸೈಂಧವ, ದ್ರೋಣ ಎಂಬ ಹೆಸರುಗಳು ಒತ್ತಕ್ಷರ ಸಮೇತ ಕಿವಿಯಲ್ಲಿ ಕೂತಿರುತ್ತವೆ. ಮಹಾಭಾರತದ ಆ ಭಾಗದ ಪುಸ್ತಕ ಕೊಟ್ಟು ನೋಡಿ, ಅದೇ ಮಟ್ಟದ ಬೇರೆ ಪುಸ್ತಕಕ್ಕಿಂತ ಸಲೀಸಾಗಿ ಸಾಗುತ್ತದೆ. ಕೋಟಿ ಚೆನ್ನಯರ ಗುಡಿಯಾದ ಗರಡಿಯಲ್ಲಿ ನೇಮ (ದೈವಾರಾಧನೆ) ನೋಡಿದ ಮಗುವಿಗೆ ಪಂಜೆಯವರ ‘ಕೋಟಿ ಚೆನ್ನಯ’ದ ಹಳೆಯ ಗದ್ಯವೂ ಹಾಗೆಯೇ. ಆದ್ದರಿಂದ ಈ ಊರಿನಲ್ಲಿ ಪುಸ್ತಕ ಆರಿಸುವಾಗ ಮಗು ಯಕ್ಷಗಾನದ ಯಾವ ಆಟ ನೋಡಿದೆ, ಯಾವ ಪ್ರಸಂಗ ಇಷ್ಟಪಟ್ಟಿದೆ ಎಂದು ವಿಚಾರಿಸುವುದು ವಯಸ್ಸು ಕೇಳುವುದಕ್ಕಿಂತ ಉಪಯುಕ್ತ. ರಾಷ್ಟ್ರೋತ್ಥಾನ ಪ್ರಕಾಶನದ ‘ಭಾರತ ಭಾರತಿ’ ಮಾಲೆಯ ಪುಟ್ಟ ಪುಸ್ತಕಗಳು ಇದೇ ವಯಸ್ಸಿಗೆ ಹಿಡಿಸುತ್ತವೆ, ಒಂದನ್ನು ಮುಗಿಸಿದ ಖುಷಿ ಬೇಗ ಸಿಗುತ್ತದೆ. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಅವರ ಅಮರ ಚಿತ್ರಕಥೆಯನ್ನು ‘ಬರೀ ಕಾಮಿಕ್ಸ್’ ಎಂದು ತಳ್ಳಬೇಡಿ. ಆದರೆ ಅದರ ಮಾತಿನ ಗುಳ್ಳೆಗಳಲ್ಲಿ ಅಕ್ಷರ ಒತ್ತೊತ್ತಾಗಿ ಇರುವುದರಿಂದ ಆರು ವರ್ಷಕ್ಕೆ ಕೊಟ್ಟರೆ ಚಿತ್ರ ಮಾತ್ರ ನೋಡುತ್ತಾರೆ.

ಪರದೇಶದ ಕ್ಲಾಸಿಕ್‌ಗಳ ಸಂಕ್ಷಿಪ್ತ ಆವೃತ್ತಿಗಳಲ್ಲಿ ಮೋಸ ಹೋಗುವವರು ಹೆಚ್ಚು. ‘ಪಿನೋಕಿಯೊ’ ಮೂಲದಲ್ಲಿ 36 ಅಧ್ಯಾಯ. ಅದು 32 ಪುಟದಲ್ಲಿ ಬಂದಿದ್ದರೆ ಉಳಿದಿರುವುದು ಕತೆಯ ಸಾರಾಂಶ ಮಾತ್ರ. ತಮಾಷೆ, ಮಾತುಕತೆ, ತಡವರಿಕೆ ಎಲ್ಲ ಹೋಗಿರುತ್ತದೆ. ಹಿಂದಿನಿಂದ ಎರಡು ಪುಟ ಓದಿ ನೋಡಿ: ಪಾತ್ರಗಳು ಮಾತಾಡುತ್ತಿವೆಯೇ, ಅಥವಾ ‘ಅವನು ಹೋದನು, ಬಂದನು’ ಎಂಬ ವರದಿಯೇ? ಕೊನೆಯನ್ನೂ ನೋಡಲೇಬೇಕು. ಆಂಡರ್ಸನ್ 1837ರಲ್ಲಿ ಬರೆದ ಪುಟ್ಟ ಮತ್ಸ್ಯಕನ್ಯೆಗೆ ಸಿನಿಮಾದ ಹಾಗೆ ಮದುವೆಯಾಗುವುದಿಲ್ಲ, ಅವಳು ನೊರೆಯಾಗುತ್ತಾಳೆ. ಹತ್ತು ವರ್ಷದವರಿಗೆ ಅದು ಒಳ್ಳೆಯ ಕತೆ, ಐದು ವರ್ಷದ ಮಗುವಿಗೆ ಮಲಗುವ ಹೊತ್ತಿಗೆ ಬೇಡ.

ಹತ್ತು ಹನ್ನೊಂದಕ್ಕೆ ಜಪಾನಿನ ಹುಡುಗಿಯೊಬ್ಬಳ ಶಾಲೆಯ ದಿನಗಳ ‘ತೊತ್ತೋಚಾನ್’ ಕೊಡಿ. ಅಧ್ಯಾಯಗಳು ಚಿಕ್ಕವು, ಎಲ್ಲಿ ನಿಲ್ಲಿಸಿದರೂ ಎಳೆ ತಪ್ಪುವುದಿಲ್ಲ. ಮುಂದೆ ಬೊಳುವಾರರ ‘ಪಾಪು ಗಾಂಧಿ ಗಾಂಧಿ ಬಾಪೂ ಆದ ಕಥೆ’, ನಾ. ಡಿಸೋಜರ ‘ಮುಳುಗಡೆಯ ಊರಿಗೆ ಬಂದವರು’. ಎರಡಕ್ಕೂ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರ ಬಂದಿದೆ, 2010 ಮತ್ತು 2011ರಲ್ಲಿ. ಕತೆ ಬೇಡ, ವಿಷಯ ಬೇಕು ಎನ್ನುವ ಮಕ್ಕಳಿಗೆ ಶಿವರಾಮ ಕಾರಂತರ ಮಕ್ಕಳ ವಿಶ್ವಕೋಶ ‘ಬಾಲಪ್ರಪಂಚ’ವನ್ನು ತೋರಿಸುತ್ತಾರೆ. ಗ್ರಂಥಾಲಯದಲ್ಲಿ ತಿರುವಿ ನೋಡಲಿ, ಸಂತೋಷ. ಆದರೆ 1930ರ ದಶಕದ ವಿಜ್ಞಾನವದು, ಪರೀಕ್ಷೆಗೆ ಅದನ್ನು ನಂಬಿ ಕೂರುವುದಲ್ಲ.

ತೇಜಸ್ವಿಯವರ ‘ಕರ್ವಾಲೊ’ವನ್ನು ಹನ್ನೊಂದಕ್ಕೇ ಕೊಟ್ಟು ಕೆಡಿಸುವವರಿದ್ದಾರೆ. ಹಾರುವ ಓತಿ ಇದೆಯೆಂದು ಅದು ಮಕ್ಕಳ ಪುಸ್ತಕವಾಗುವುದಿಲ್ಲ. ಅದರ ನಗು ದೊಡ್ಡವರ ಲೋಕದ್ದು, ಹದಿಮೂರು ಹದಿನಾಲ್ಕಾಗಲಿ. ಅದುವರೆಗೆ ಅವರದೇ ‘ಪರಿಸರದ ಕತೆ’ ಇದೆ, ಬಿಡಿಬಿಡಿಯಾಗಿ ಓದಬಹುದು. ಕಾರಂತರ ‘ಬೆಟ್ಟದ ಜೀವ’ ಹದಿನಾಲ್ಕರ ಮೇಲೆ. ಸುಬ್ರಹ್ಮಣ್ಯದ ಕಡೆಯ ಕಾಡು ಕಂಡವರಿಗೆ ಜಾಗ ಪರಿಚಿತ, ಆದರೆ ಓಟ ನಿಧಾನ. ಮೊದಲ ಅಧ್ಯಾಯವನ್ನು ನೀವು ಓದಿ ಹೇಳಿ ಪುಸ್ತಕವನ್ನು ಅವರ ಕೈಗೆ ಸಿಗುವಲ್ಲಿ ಬಿಟ್ಟುಬಿಡಿ.

ಕೊಳ್ಳುವಾಗ ಬೈಂಡಿಂಗ್ ನೋಡುವುದನ್ನು ಮರೆಯಬೇಡಿ. ಬರೀ ಗೋಂದಿನ ಬೆನ್ನು ನಮ್ಮ ಮಳೆಗಾಲದ ಥಂಡಿಗೆ ಬಿಟ್ಟುಕೊಳ್ಳುತ್ತದೆ. ನೂಲು ಹಾಕಿ ಹೊಲಿದದ್ದು ಬಾಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಗೆ ತಾಗಿಸಿ ಇಡಬೇಡಿ, ಬೂಷ್ಟು ಬರುತ್ತದೆ. ಬಿಸಿಲು ಬಂದ ದಿನ ಪುಸ್ತಕವನ್ನು ನೇರ ಬಿಸಿಲಿಗೆ ಹಾಕದೆ ಜಗಲಿಯಲ್ಲಿ ಗಾಳಿಗೆ ಬಿಡಿಸಿಟ್ಟರೆ ಸಾಕು.