ಯೆವ್ದೊಕಿಯಾ ರೊಂಬಂದೇಯೆವಾ: ಬದುಕು, ಕೃತಿಗಳು ಮತ್ತು ಓದುವ ಕ್ರಮ

ಫಿನ್ನೋ-ಉಗ್ರಿಕ್ ಭಾಷೆಗಳ ಪಾಠ ಫಿನ್ನಿಶ್, ಎಸ್ಟೋನಿಯನ್, ಹಂಗೇರಿಯನ್ ಮೂರರಲ್ಲೇ ಮುಗಿದುಬಿಡುವುದುಂಟು. ಆದರೆ ಸಾಂಪ್ರದಾಯಿಕ ವಂಶವೃಕ್ಷದ ಪ್ರಕಾರ ಹಂಗೇರಿಯನ್ನಿನ ಹತ್ತಿರದ ದಾಯಾದಿಗಳು ಇರುವುದು ಉರಲ್ ಪರ್ವತಗಳಾಚೆ, ಪಶ್ಚಿಮ ಸೈಬೀರಿಯದ ಓಬ್ ನದಿಯ ಸೀಮೆಯಲ್ಲಿ. ಅವು ಖಾಂತಿ ಮತ್ತು ಮಾನ್ಸಿ. ಹಳೆಯ ಪುಸ್ತಕಗಳಲ್ಲಿ ಇವನ್ನೇ ಓಸ್ತ್ಯಾಕ್, ವೊಗುಲ್ ಎಂದು ಬರೆದಿರುತ್ತಾರೆ. ಮಾನ್ಸಿಯ ವ್ಯಾಕರಣವನ್ನು ಆಳವಾಗಿ ಓದಬೇಕೆಂದರೆ ಯೆವ್ದೊಕಿಯಾ ಇವಾನೊವ್ನಾ ರೊಂಬಂದೇಯೆವಾ ಅವರನ್ನು ಬಿಟ್ಟು ಮುಂದೆ ಹೋಗಲಾಗದು. ತಾನು ಆಡುತ್ತ ಬೆಳೆದ ಭಾಷೆಗೇ ವಿಸ್ತಾರವಾದ ವ್ಯಾಕರಣ ಬರೆದ ವಿದ್ವಾಂಸೆ ಅವರು. ಅವರ ಪುಸ್ತಕಗಳ ಬಲವೂ ಮಿತಿಯೂ ಈ ಒಂದು ಸಂಗತಿಯಿಂದಲೇ ಬರುತ್ತವೆ.

ಅವರಿಗಿಂತ ಮೊದಲು ಮಾನ್ಸಿಯನ್ನು ಬರೆದಿಟ್ಟವರು ಹೆಚ್ಚಾಗಿ ಹೊರಗಿನಿಂದ ಬಂದವರು. ಹಂಗೇರಿಯ ಅಂತಲ್ ರೆಗುಲಿ 1843ರಿಂದ 1845ರವರೆಗೆ ಅಲ್ಲಿ ತಿರುಗಾಡಿ ಹಾಡುಗಳನ್ನು ಬರೆದುಕೊಂಡರು. ಆದರೆ ಅರ್ಥ ಬಿಡಿಸಿ ಪ್ರಕಟಿಸುವ ಮೊದಲೇ, 1858ರಲ್ಲಿ ತೀರಿಕೊಂಡರು. ಆ ಹಾಳೆಗಳನ್ನು ಮಾತುಗಾರರ ಮುಂದೆ ಓದಿ ಅರ್ಥ ಮಾಡಿಕೊಳ್ಳಲೆಂದೇ ಬರ್ನಾತ್ ಮುಂಕಾಚಿ 1888–89ರಲ್ಲಿ ಸೈಬೀರಿಯಕ್ಕೆ ಹೋದರು. ಫಿನ್ಲೆಂಡಿನ ಆರ್ತುರಿ ಕನ್ನಿಸ್ಟೊ 1901ರಿಂದ 1906ರವರೆಗೆ ಬೇರೆ ಬೇರೆ ಉಪಭಾಷೆಗಳ ಪಠ್ಯಗಳನ್ನು ಸಂಗ್ರಹಿಸಿದರು. ಕಥೆ, ಹಾಡುಗಳು ಹೇರಳವಾಗಿ ಸಿಕ್ಕವು. ಆದರೆ ಕೇಳಿ ಬರೆದುಕೊಂಡ ಪಠ್ಯದಲ್ಲಿ ‘ಹೀಗೆ ಹೇಳಲು ಬರುತ್ತದೆಯೇ, ಬರದೇ’ ಎಂಬ ಪ್ರಶ್ನೆಗೆ ಉತ್ತರವಿರುವುದಿಲ್ಲ. ಅದನ್ನು ಹೇಳಬಲ್ಲವರು ಆ ಭಾಷೆಯೊಳಗೆ ಹುಟ್ಟಿದವರು ಮಾತ್ರ.

ರೊಂಬಂದೇಯೆವಾ ಹುಟ್ಟಿದ್ದು 1928ರ ಏಪ್ರಿಲ್ 22ರಂದು, ಬೆರ್ಯೊಜೊವೊ ಜಿಲ್ಲೆಯ ಖೊಶ್ಲೋಗ್ ಹಳ್ಳಿಯಲ್ಲಿ. ಅದು ಲ್ಯಾಪಿನ್ ನದಿಯ ದಡದ ಊರು; ನದಿಗೆ ಸಿಗ್ವಾ ಎಂಬ ಹೆಸರೂ ಇದೆ. ಮಾನ್ಸಿಗೆ ಲ್ಯಾಟಿನ್ ಲಿಪಿ ಬಂದದ್ದು 1931ರಲ್ಲಿ. 1937ರಲ್ಲಿ ಅದನ್ನು ತೆಗೆದು, ರಷ್ಯನ್ ಬರೆಯುವ ಸಿರಿಲಿಕ್ ಲಿಪಿಯನ್ನು ತಂದರು. ಅಂದರೆ ಅವರು ಒಂಬತ್ತರ ಬಾಲಕಿಯಾಗಿದ್ದಾಗ ಅವರ ಭಾಷೆಯ ಬರವಣಿಗೆ ಎರಡನೆಯ ಸಲ ಮೊದಲಿನಿಂದ ಶುರುವಾಗಿತ್ತು. ಲೆನಿನ್‌ಗ್ರಾದಿನಲ್ಲಿ ಓದಿ, ಮಾಸ್ಕೋದ ಭಾಷಾವಿಜ್ಞಾನ ಸಂಸ್ಥೆಯಲ್ಲಿ ಬಹುಕಾಲ ಕೆಲಸ ಮಾಡಿದರು. ಕೊನೆಯ ದಶಕಗಳನ್ನು ಖಾಂತಿ-ಮಾನ್ಸಿಸ್ಕ್ ನಗರದಲ್ಲಿ ಕಳೆದು, 2017ರ ಜನವರಿಯಲ್ಲಿ ಅಲ್ಲೇ ತೀರಿಕೊಂಡರು. ಈ ಕ್ಷೇತ್ರದಲ್ಲಿ ಅವರು ಒಂಟಿಯಾಗಿರಲಿಲ್ಲ ಎಂಬುದನ್ನೂ ನೆನಪಿಡಿ: 1958ರ ಮಾನ್ಸಿ-ರಷ್ಯನ್ ನಿಘಂಟನ್ನು ಅಲೆಕ್ಸೇಯ್ ಬಲಾಂದಿನ್ ಜೊತೆ ಸೇರಿ ಮಾಡಿದ ಮತ್ರ್ಯೋನಾ ವಖ್ರುಶೆವಾ ಕೂಡ ಮಾನ್ಸಿ ಮಹಿಳೆಯೇ.

ಕೃತಿಗಳನ್ನು ಕಾಲಾನುಕ್ರಮದಲ್ಲಿ ಇಟ್ಟರೆ ಅವರ ಯೋಚನೆ ಸಾಗಿದ ದಾರಿ ಕಾಣುತ್ತದೆ. ಮೊದಲು ಬಂದದ್ದು 1954ರ ರಷ್ಯನ್-ಮಾನ್ಸಿ ನಿಘಂಟು. ಆಮೇಲೆ ಕ್ರಿಯಾಪದದೊಳಗೆ ಇಳಿದು ಪ್ರೇರಣಾರ್ಥಕ (ಇನ್ನೊಬ್ಬರಿಂದ ಮಾಡಿಸುವ ಅರ್ಥದ) ರೂಪಗಳ ಮೇಲೆ ಸಂಶೋಧನ ಪ್ರಬಂಧ ಬರೆದರು. 1973ರಲ್ಲಿ ಇಡೀ ಭಾಷೆಯ ವ್ಯಾಕರಣ, 1979ರಲ್ಲಿ ವಾಕ್ಯರಚನೆಗೇ ಮೀಸಲಾದ ಪುಸ್ತಕ, 1982ರಲ್ಲಿ ಯೆ. ಎ. ಕುಜಾಕೊವಾ ಜೊತೆ ಶಾಲಾ ಮಕ್ಕಳಿಗಾಗಿ ಎರಡೂ ದಿಕ್ಕಿನ ನಿಘಂಟು. ಪರೀಕ್ಷೆಗೆ ಓದುವವರು 1973 ಮತ್ತು 1979ರ ಪುಸ್ತಕಗಳನ್ನು ಬೆರೆಸಿಬಿಡುತ್ತಾರೆ. ಧ್ವನಿ, ಪದರೂಪಗಳಿಗೆ ಮೊದಲನೆಯದು; ವಾಕ್ಯಕ್ಕೆ ಎರಡನೆಯದು.

ಈಗ ಧ್ವನಿಯ ವಿಷಯ. ಮಾನ್ಸಿಯಲ್ಲಿ ಹ್ರಸ್ವ-ದೀರ್ಘದ ಭೇದ ಅರ್ಥವನ್ನೇ ಬದಲಿಸುತ್ತದೆ: ‘ಅತ್’ ಎಂದರೆ ಐದು, ‘ಆತ್’ ಎಂದರೆ ಕೂದಲು. ಕನ್ನಡದವರಿಗೆ ಇದು ಹೊಸತಲ್ಲ, ನಮ್ಮ ಲಿಪಿಯಲ್ಲೇ ಆ ಭೇದವಿದೆ. ರಷ್ಯನ್ನಿಗೆ ಹೊಂದಿಸಿದ ಸಿರಿಲಿಕ್‌ನಲ್ಲಿ ಅದಕ್ಕೆ ಜಾಗವಿರಲಿಲ್ಲ. ಹಾಗಾಗಿ ಹಳೆಯ ಮುದ್ರಣಗಳಲ್ಲಿ ಎರಡೂ ಪದ ಒಂದೇ ಥರ ಕಾಣುತ್ತವೆ. ಆಮೇಲಿನ ಪುಸ್ತಕಗಳಲ್ಲಿ ಸ್ವರದ ಮೇಲೆ ಅಡ್ಡಗೆರೆ ಹಾಕಿ ದೀರ್ಘ ತೋರಿಸುತ್ತಾರೆ. ಟಿಪ್ಪಣಿ ಮಾಡುವಾಗ ಆ ಗೆರೆಯನ್ನು ಬಿಡಬೇಡಿ. ಬಿಟ್ಟರೆ ನಿಘಂಟಿನಲ್ಲಿ ತಪ್ಪು ಪದ ಕೈಗೆ ಬರುತ್ತದೆ. ಇನ್ನೊಂದು ಮಾತು: ಸಿರಿಲಿಕ್ ‘ಗ’ ಅಕ್ಷರ ಇಲ್ಲಿ ನಮ್ಮ ಗಕಾರವಲ್ಲ, ಗಂಟಲ ಹತ್ತಿರ ಉಜ್ಜಿ ಬರುವ ಸದ್ದು. ಕೆಳಗೆ ಅನುಕೂಲಕ್ಕಾಗಿ ‘ಗ’ ಎಂದೇ ಬರೆದಿದೆ.

ಪ್ರೇರಣಾರ್ಥಕ ನಮಗೆ ಸುಲಭವಾಗಿ ಹಿಡಿತಕ್ಕೆ ಸಿಗುವ ಭಾಗ. ಕನ್ನಡದಲ್ಲಿ ‘ಕುಡಿ’ಗೆ ‘-ಇಸು’ ಸೇರಿ ‘ಕುಡಿಸು’ ಆಗುವಂತೆ, ಮಾನ್ಸಿಯಲ್ಲಿ ಕುಡಿಯುವ ಅರ್ಥದ ‘ಆಯ್-’ ಧಾತುವಿಗೆ ತಕಾರ ಸೇರಿ ಕುಡಿಸುವ ಅರ್ಥ ಬರುತ್ತದೆ. ಇಷ್ಟು ನೋಡಿ ಎರಡೂ ಭಾಷೆಗಳು ಒಂದೇ ಮೂಲದವು ಎಂದು ತೀರ್ಮಾನಿಸಬಾರದು. ರಾಬರ್ಟ್ ಕಾಲ್ಡ್‌ವೆಲ್ 1856ರಲ್ಲಿ ದ್ರಾವಿಡ ಭಾಷೆಗಳನ್ನು ಫಿನ್ನೋ-ಉಗ್ರಿಕ್ ಗುಂಪಿನೊಂದಿಗೆ ಹೋಲಿಸಿದ್ದು ನಿಜ, ನಂತರವೂ ಕೆಲವರು ಅದನ್ನು ಮುಂದುವರಿಸಿದರು. ಇಂದಿನ ಬಹುಪಾಲು ವಿದ್ವಾಂಸರು ಆ ನಂಟನ್ನು ಒಪ್ಪುವುದಿಲ್ಲ. ಪ್ರತ್ಯಯಗಳನ್ನು ಸಾಲಾಗಿ ಅಂಟಿಸುವ ಗುಣ ಸಂಬಂಧವಿಲ್ಲದ ಎಷ್ಟೋ ಭಾಷೆಗಳಲ್ಲಿದೆ.

ನಿಜವಾಗಿ ಕಷ್ಟ ಕೊಡುವುದು ಕ್ರಿಯಾಪದದ ಎರಡು ಬಗೆಯ ರೂಪಾವಳಿ. ಮಾನ್ಸಿ ಕ್ರಿಯಾಪದ ಕರ್ತೃವನ್ನು ಮಾತ್ರ ತೋರಿಸಬಹುದು, ಇಲ್ಲವೇ ಕರ್ಮದ ವಚನವನ್ನೂ ಸೇರಿಸಿ ತೋರಿಸಬಹುದು. ವಚನಗಳು ಮೂರು: ಏಕ, ದ್ವಿ, ಬಹು. ಒಯ್ಯುವ ಅರ್ಥದ ಧಾತುವನ್ನು ತೆಗೆದುಕೊಳ್ಳಿ. ‘ತೊತೇಗುಮ್’ ಎಂದರೆ ನಾನು ಒಯ್ಯುತ್ತೇನೆ, ಏನನ್ನು ಎಂಬುದು ಕ್ರಿಯಾಪದದಲ್ಲಿಲ್ಲ. ‘ತೊತಿಲುಮ್’ ಎಂದರೆ ಅದನ್ನು ಒಯ್ಯುತ್ತೇನೆ, ‘ತೊತಿಯಗುಮ್’ ಎಂದರೆ ಅವೆರಡನ್ನು, ‘ತೊತಿಯನುಮ್’ ಎಂದರೆ ಅವನ್ನೆಲ್ಲ. ಉತ್ತರ ಮಾನ್ಸಿಯ ನಾಮಪದಕ್ಕೆ ದ್ವಿತೀಯಾ ವಿಭಕ್ತಿ ಇಲ್ಲದ್ದರಿಂದ ಕ್ರಿಯಾಪದದ ಈ ಗುರುತು ಇನ್ನಷ್ಟು ಮುಖ್ಯವಾಗುತ್ತದೆ. ‘ನಿರ್ದಿಷ್ಟ ವಸ್ತುವಾದರೆ ಎರಡನೆಯ ಬಗೆ’ ಎಂಬ ಸೂತ್ರವೊಂದನ್ನೇ ಬಾಯಿಪಾಠ ಮಾಡಿದವರು ಪಠ್ಯ ಓದಲು ಹೊರಟಾಗ ಎಡವುತ್ತಾರೆ, ಏಕೆಂದರೆ ಅಪವಾದಗಳು ಬೇಗ ಎದುರಾಗುತ್ತವೆ. 2001ರಲ್ಲಿ ಭಾಷಾವಿಜ್ಞಾನಿ ಎಲೆನಾ ಸ್ಕ್ರಿಬ್ನಿಕ್ ತೋರಿಸಿದ ದಾರಿ ಹೆಚ್ಚು ಕೆಲಸಕ್ಕೆ ಬರುತ್ತದೆ: ಆ ಕರ್ಮದ ಬಗ್ಗೆ ಮಾತು ಈಗಾಗಲೇ ನಡೆಯುತ್ತಿದೆಯೇ ಎಂದು ನೋಡಿ. ನಡೆಯುತ್ತಿದ್ದರೆ ಎರಡನೆಯ ಬಗೆ ಬರುತ್ತದೆ. ಮಾತಿನ ಮುಖ್ಯ ವಿಷಯವೇ ಕರ್ಮವಾಗಿದ್ದರೆ ವಾಕ್ಯ ಕರ್ಮಣಿಗೆ ತಿರುಗುತ್ತದೆ, ಆಗ ಕೆಲಸ ಮಾಡಿದವನ ಹೆಸರಿಗೆ ‘ಕಡೆಗೆ’ ಎಂಬರ್ಥದ ‘-ನ್’ ಹತ್ತುತ್ತದೆ. ಒಂದೇ ವಾಕ್ಯವನ್ನು ಕಿತ್ತುಕೊಂಡು ವಿಶ್ಲೇಷಿಸಿದರೆ ಇದು ಕಾಣುವುದಿಲ್ಲ. ಹಿಂದಿನ ನಾಲ್ಕೈದು ವಾಕ್ಯ ಸೇರಿಸಿಯೇ ಓದಬೇಕು.

ಮಿತಿಯ ಮಾತು. ಮಾನ್ಸಿಯಲ್ಲಿ ಉತ್ತರ, ಪೂರ್ವ, ಪಶ್ಚಿಮ, ದಕ್ಷಿಣ ಎಂಬ ನಾಲ್ಕು ಉಪಭಾಷಾ ಗುಂಪುಗಳಿದ್ದವು. ರೊಂಬಂದೇಯೆವಾ ವಿವರಿಸುವುದು ಉತ್ತರದ್ದನ್ನು, ಅಂದರೆ ಅವರ ಮನೆಮಾತಿನ ಗುಂಪನ್ನು. ಕನ್ನಿಸ್ಟೊ ಸಂಗ್ರಹದ ಪೂರ್ವದ ಪಠ್ಯಕ್ಕೆ ಈ ವ್ಯಾಕರಣವನ್ನು ಹಾಗೇ ಹಚ್ಚಿದರೆ ಹೊಂದುವುದಿಲ್ಲ. ಅಲ್ಲಿ ದ್ವಿತೀಯಾ ವಿಭಕ್ತಿಯೇ ಇದೆ. ಪಠ್ಯ ಯಾವ ನದಿಯ ಕಡೆಯದು, ಅಂದರೆ ಯಾವ ಗುಂಪಿನದು ಎಂದು ಮೊದಲು ಗುರುತು ಹಾಕಿಕೊಳ್ಳಿ. ಇಂದು ಉಳಿದಿರುವುದು ಉತ್ತರದ್ದು ಮಾತ್ರ. ರಷ್ಯದ ಜನಗಣತಿಯಲ್ಲಿ 2002ರಲ್ಲಿ 11,432 ಮಾನ್ಸಿಗಳ ಲೆಕ್ಕ ಸಿಕ್ಕಿತು, ಭಾಷೆ ಬಲ್ಲೆವೆಂದವರು 2,746. 2010ರಲ್ಲಿ ಜನ 12,269ಕ್ಕೆ ಏರಿದರು, ಭಾಷೆ ಬಲ್ಲವರು 938ಕ್ಕೆ ಇಳಿದರು. ಜನ ಹೆಚ್ಚಿದರೂ ಭಾಷೆ ಹೀಗೆ ಕುಗ್ಗಿದ್ದನ್ನು ನೋಡಿದಾಗ, ಮಾತುಗಾರ್ತಿಯೊಬ್ಬರು ‘ಇದು ಸರಿ, ಇದು ಬರದು’ ಎಂದು ಬರೆದಿಟ್ಟ ಪುಟಗಳ ಬೆಲೆ ಎಷ್ಟೆಂದು ಯೋಚಿಸಿ.

ರೊಂಬಂದೇಯೆವಾ ಅವರ ಹೆಸರನ್ನು ಗ್ರಂಥಾಲಯದ ಪಟ್ಟಿಯಲ್ಲಿ ಹುಡುಕುವಾಗ ಕಾಗುಣಿತ ಬದಲಿಸಿ ನೋಡಿ. ಜರ್ಮನ್, ಹಂಗೇರಿಯನ್, ಇಂಗ್ಲಿಷ್ ಪಟ್ಟಿಗಳಲ್ಲಿ ಒಂದೊಂದು ಬಗೆಯಲ್ಲಿ ಬರೆದಿರುತ್ತಾರೆ. ರಷ್ಯನ್ ಕಾಗುಣಿತದಲ್ಲಿ ಹುಡುಕಿದರೆ ಹೆಚ್ಚು ಸಿಗುತ್ತದೆ.

ವ್ಯಾಕರಣದ ಜೊತೆಗೆ, ಬೇಟೆಯಾಡಿದ ಕರಡಿಯನ್ನು ಗೌರವಿಸಿ ನಡೆಸುವ ಕರಡಿ ಹಬ್ಬದ ಹಾಡುಗಳನ್ನೂ ಅವರು ಪ್ರಕಟಿಸಿದ್ದಾರೆ. ಅವುಗಳಿಗೆ ಕೈಹಾಕುವುದು ಕೊನೆಯಲ್ಲಿರಲಿ. ಕರಡಿಯನ್ನೂ ಅದರ ಅಂಗಾಂಗಗಳನ್ನೂ ನೇರ ಹೆಸರಿನಿಂದ ಕರೆಯುವಂತಿಲ್ಲವಾದ್ದರಿಂದ ಅಲ್ಲಿ ಬೇರೆಯೇ ಒಂದು ಪದಕೋಶ ನಡೆಯುತ್ತದೆ. ಕರಡಿಯ ಕಣ್ಣಿಗೆ ‘ನಕ್ಷತ್ರ’ ಎನ್ನುತ್ತಾರೆ. ನಿಘಂಟಿನ ಅರ್ಥ ಹಿಡಿದು ಸಾಲನ್ನು ಆಕಾಶದ ವರ್ಣನೆ ಮಾಡಿಬಿಟ್ಟರೆ ಹಾಡು ದಾರಿ ತಪ್ಪುತ್ತದೆ. ಹಂಗೇರಿಯ ಮರಿಯಾನ್ ಬಾಕ್ರೋ-ನಾದ್ಯ್ ಇಂಥ ಪದಗಳನ್ನು ಖಾಂತಿ, ಮಾನ್ಸಿ ಎರಡರಿಂದಲೂ ಒಟ್ಟು ಮಾಡಿ 1979ರಲ್ಲಿ ಜರ್ಮನ್ನಿನಲ್ಲಿ ಪ್ರಕಟಿಸಿದರು. ಹಾಡು ಓದುವಾಗ ಸಾಮಾನ್ಯ ನಿಘಂಟಿಗಿಂತ ಮೊದಲು ಆ ಪುಸ್ತಕವನ್ನು ತೆರೆಯಿರಿ.