ಶ್ವಾಸಕೋಶದ ರಕ್ತನಾಳ ಕಾಯಿಲೆ: ಎಂಆರ್‌ಐ ಯಾವಾಗ ಬೇಕು?

ದಿಢೀರನೆ ಉಸಿರು ಕಟ್ಟಿ ಬಂದವರ ಶ್ವಾಸಕೋಶದ ಅಪಧಮನಿಯಲ್ಲಿ ರಕ್ತದ ಹೆಪ್ಪು ಸಿಲುಕಿದೆಯೇ ಎಂದು ತಿಳಿಯಲು ನಾವು ಸಾಮಾನ್ಯವಾಗಿ ಸಿಟಿ ಆಂಜಿಯೋಗ್ರಾಂ (ಎಕ್ಸ್‌-ರೇ ಬಳಸಿ ರಕ್ತನಾಳಗಳ ಚಿತ್ರ ತೆಗೆಯುವ ಪರೀಕ್ಷೆ) ಮಾಡುತ್ತೇವೆ. ‘ವಿಕಿರಣವಿಲ್ಲದ ಎಂಆರ್‌ಐಯನ್ನೇ ಮಾಡಬಾರದೇ ಡಾಕ್ಟ್ರೇ?’ ಎಂದು ಮನೆಯವರು ಕೇಳುವುದುಂಟು. ನ್ಯಾಯವಾದ ಪ್ರಶ್ನೆ. ಆದರೆ ಎಂಆರ್‌ಐ ಚಿತ್ರ ಮೂಡುವುದು ಮುಖ್ಯವಾಗಿ ದೇಹದ ನೀರು ಮತ್ತು ಕೊಬ್ಬಿನಲ್ಲಿರುವ ಹೈಡ್ರೋಜನ್‌ನಿಂದ. ಶ್ವಾಸಕೋಶದ ತುಂಬ ಗಾಳಿಯೇ ಇರುವುದರಿಂದ ಅಲ್ಲಿಂದ ಬರುವ ಸಂಕೇತ ಕ್ಷೀಣ, ಸಾಲದ್ದಕ್ಕೆ ಎದೆಬಡಿತ ಮತ್ತು ಉಸಿರಾಟದಿಂದ ಚಿತ್ರ ಕದಲುತ್ತದೆ. 2010ರಲ್ಲಿ ಪ್ರಕಟವಾದ, 371 ರೋಗಿಗಳನ್ನೊಳಗೊಂಡ ಅಮೆರಿಕದ ಪಯೋಪೆಡ್-3 ಅಧ್ಯಯನದಲ್ಲಿ ಶೇ 25ರಷ್ಟು ಜನರ ಎಂಆರ್‌ಐ ಚಿತ್ರಗಳು ರೋಗನಿರ್ಣಯಕ್ಕೆ ಸಾಲುವಷ್ಟು ಸ್ಪಷ್ಟವಾಗಿರಲಿಲ್ಲ. ಚಿತ್ರ ಸ್ಪಷ್ಟವಾಗಿದ್ದಾಗಲೂ, ನಿಜವಾಗಿ ಹೆಪ್ಪು ಇದ್ದವರ ಪೈಕಿ ಅದು ಪತ್ತೆಯಾದದ್ದು ಶೇ 78ರಷ್ಟು ಜನರಲ್ಲಿ ಮಾತ್ರ. ಪ್ರಾಣಕ್ಕೆ ಕುತ್ತು ತರಬಲ್ಲ ಕಾಯಿಲೆಯಲ್ಲಿ ಇಷ್ಟು ಸಾಲದು.

ತಿಂಗಳುಗಟ್ಟಲೆ ಮೆಟ್ಟಿಲು ಹತ್ತಲಾಗದೆ ಏದುಸಿರು ಬಿಡುವವರ ವಿಷಯ ಬೇರೆ. ಅವರಲ್ಲಿ ಶ್ವಾಸಕೋಶದ ಅಪಧಮನಿಯ ಒತ್ತಡ ಏರಿರಬಹುದು. ಸರಾಸರಿ ಒತ್ತಡ 20 ಮಿ.ಮೀ. ಪಾದರಸವನ್ನು ಮೀರಿದೆ ಎಂದು ಖಚಿತಪಡಿಸಲು ಇಂದಿಗೂ ಹೃದಯದ ಬಲಭಾಗಕ್ಕೆ ಕ್ಯಾತಿಟರ್ (ತೆಳುವಾದ ಕೊಳವೆ) ಹಾಕಿಯೇ ಅಳೆಯಬೇಕು. ಆದರೆ ಆ ಒತ್ತಡದ ಹೊರೆ ಹೊತ್ತ ಹೃದಯ ಎಷ್ಟು ದಣಿದಿದೆ ಎಂಬುದನ್ನು ಎಂಆರ್‌ಐಯಷ್ಟು ನಿಖರವಾಗಿ ತೋರಿಸುವ ಚಿತ್ರಣ ಇನ್ನೊಂದಿಲ್ಲ ಎಂಬುದು ನನ್ನ ಅನುಭವ. ಹೃದಯವನ್ನು ಬಾಳೆದಿಂಡಿನಂತೆ ಅಡ್ಡಡ್ಡ ಬಿಲ್ಲೆಗಳಾಗಿ ನೋಡಿದಾಗ, ಆರೋಗ್ಯವಂತರಲ್ಲಿ ಎಡ ಹೃತ್ಕುಕ್ಷಿ (ಹೃದಯದ ಕೆಳಕೋಣೆ) ದುಂಡಗಿದ್ದು ಬಲ ಹೃತ್ಕುಕ್ಷಿ ಅದರ ಪಕ್ಕಕ್ಕೆ ಅರ್ಧಚಂದ್ರದಂತೆ ಅಂಟಿಕೊಂಡಿರುತ್ತದೆ. ಒತ್ತಡ ಏರಿದವರಲ್ಲಿ ಬಲ ಹೃತ್ಕುಕ್ಷಿ ಹಿಗ್ಗಿ, ನಡುಗೋಡೆ ಚಪ್ಪಟೆಯಾಗಿ, ಒಮ್ಮೊಮ್ಮೆ ಪ್ರತಿ ಬಡಿತಕ್ಕೂ ಎಡಕ್ಕೆ ಬಾಗುವುದು ಪರದೆಯ ಮೇಲೆ ಕಾಣುತ್ತದೆ. ಹೃತ್ಕುಕ್ಷಿಯ ಗಾತ್ರವನ್ನೂ ಅದು ಪ್ರತಿ ಬಡಿತಕ್ಕೆ ಹೊರದೂಡುವ ರಕ್ತವನ್ನೂ ಅಳೆದಿಟ್ಟುಕೊಂಡರೆ, ಔಷಧ ಫಲಿಸುತ್ತಿದೆಯೇ ಎಂದು ಮುಂದಿನ ಸ್ಕ್ಯಾನ್‌ನಲ್ಲಿ ಹೋಲಿಸಬಹುದು. ಆದ್ದರಿಂದ ಹಳೆಯ ಚಿತ್ರಗಳ ಸಿ.ಡಿ.ಯನ್ನು ದಯವಿಟ್ಟು ಜೋಪಾನವಾಗಿಡಿ. ವರದಿಯ ಹಾಳೆಯೊಂದೇ ಸಾಲದು.

ಹಳೆಯ ಹೆಪ್ಪು ಕರಗದೆ ನಾಳದ ಗೋಡೆಗೆ ಅಂಟಿ ಉಳಿದಿದ್ದರೂ ಒತ್ತಡ ಏರುತ್ತದೆ. ರಕ್ತ ಹರಿಯುವ ಜಾಗವನ್ನು ಚಿತ್ರದಲ್ಲಿ ಬೆಳ್ಳಗೆ ತೋರಿಸುವ ಗ್ಯಾಡೊಲಿನಿಯಂ ಚುಚ್ಚುಮದ್ದು ಕೊಟ್ಟು ಎಂಆರ್‌ಐಯಲ್ಲಿ ನೋಡಿದಾಗ ರಕ್ತ ತಲುಪದ ಭಾಗಗಳು ತ್ರಿಕೋನಾಕಾರದಲ್ಲಿ ಕಪ್ಪಾಗಿ ಉಳಿಯುತ್ತವೆ. ಇದನ್ನು ಗುರುತಿಸುವುದು ಬಹಳ ಮುಖ್ಯ, ಏಕೆಂದರೆ ಆಯ್ದ ರೋಗಿಗಳಲ್ಲಿ ಶಸ್ತ್ರಚಿಕಿತ್ಸೆಯಿಂದ ಆ ಹೆಪ್ಪನ್ನು ತೆಗೆದು ಒತ್ತಡವನ್ನು ಇಳಿಸಬಹುದು.

ಪೇಸ್‌ಮೇಕರ್ ಇದ್ದರೆ, ಮೂತ್ರಪಿಂಡದ ತೊಂದರೆ ಅಥವಾ ಗರ್ಭವಿದ್ದರೆ ಮೊದಲೇ ತಿಳಿಸಿ. ಪರೀಕ್ಷೆಯ ವೇಳೆ ಸುಮಾರು 15 ಸೆಕೆಂಡುಗಳಷ್ಟು ಮತ್ತೆ ಮತ್ತೆ ಉಸಿರು ಹಿಡಿಯಬೇಕಾಗುತ್ತದೆ. ಅಷ್ಟು ಹೊತ್ತು ಆಗದಿದ್ದರೆ ಸಂಕೋಚಪಡದೆ ಹೇಳಿ, ನಾವು ಅವಧಿಯನ್ನು ಕಡಿಮೆ ಮಾಡಿಕೊಳ್ಳುತ್ತೇವೆ.