ತಂಬಿಗೆ, ಆಲೂಗಡ್ಡೆ ಮತ್ತು ಒಂದು ನೊಣ

ಹಾಸನದಲ್ಲಿ ನಾನು ಡ್ರಾಯಿಂಗ್ ಕ್ಲಾಸಿಗೆ ಸೇರಿದ ದಿನ ಮೇಷ್ಟ್ರು ಮೇಜಿನ ಮೇಲೆ ಇಟ್ಟಿದ್ದು ಒಂದು ಹಿತ್ತಾಳೆ ತಂಬಿಗೆ, ಮೂರು ಆಲೂಗಡ್ಡೆ. ಇದರಲ್ಲಿ ಬರೆಯೋಕೆ ಏನಿದೆ ಅನ್ನಿಸಿತು. ಕೂತ ಮೇಲೆ ಗೊತ್ತಾಯಿತು. ತಂಬಿಗೆಯ ಬಾಯಿ ದುಂಡಗಿದೆ ಅಂತ ತಲೆ ಹೇಳುತ್ತದೆ, ಕಣ್ಣಿಗೆ ಕಾಣುವುದು ಚಪ್ಪಟೆ ಮೊಟ್ಟೆ. ಅದರ ಹೊಟ್ಟೆಯಲ್ಲಿ ಕಿಟಕಿ ಬಾಗಿಕೊಂಡಿದೆ. ಪಕ್ಕದಲ್ಲಿ ಬೆರಳುದ್ದದ ನಾನು!

ಮನೆಯ ಸಾಮಾನು ಬರೆಯುವ ಚಪಲ ಹಳೆಯದು. ಕ್ರಿ.ಶ. 79ರಲ್ಲಿ ಜ್ವಾಲಾಮುಖಿಯ ಬೂದಿಯಡಿ ಹೂತುಹೋದ ಇಟಲಿಯ ಪಾಂಪೇಯಿ ಊರಿನ ಗೋಡೆಗಳ ಮೇಲೂ ಹಣ್ಣಿನ ಬಟ್ಟಲುಗಳಿವೆ. ಹೀಗೆ ಅಲುಗದ ವಸ್ತುಗಳನ್ನು ಬರೆದ ಚಿತ್ರಕ್ಕೆ ಸ್ಟಿಲ್ ಲೈಫ್ ಅನ್ನುವ ಹೆಸರು ಬಂದಿದ್ದು ಮಾತ್ರ 17ನೇ ಶತಮಾನದ ಡಚ್ಚರಿಂದ. ಮರ್ಯಾದೆ ಅಷ್ಟಕ್ಕಷ್ಟೆ. 1667ರಲ್ಲಿ ಫ್ರಾನ್ಸಿನ ಕಲಾ ಬರಹಗಾರ ಫೆಲಿಬಿಯಾಂ ಚಿತ್ರಗಳಿಗೆ ಮೇಲು ಕೀಳು ಪಟ್ಟಿ ಮಾಡಿದಾಗ ಹಣ್ಣು, ಹೂವು ಬರೆಯುವವರಿಗೆ ಸಿಕ್ಕಿದ್ದು ತಳದ ಜಾಗ.

ನನಗೇನೋ ಆ ತಳದ ಜಾಗವೇ ಲಾಭವಾಯಿತು ಅನ್ನಿಸುತ್ತದೆ. ರಾಜನ ಮೂಗು ಹೀಗೇ ಇರಬೇಕು ಅಂತ ಹೇಳುವವರುಂಟು, ಬಟ್ಟಲಿನ ಬಗ್ಗೆ ಯಾರು ತಕರಾರು ಮಾಡ್ತಾರೆ? ಬೆಳಕು ಎಲ್ಲಿಂದ ಬೀಳಬೇಕು, ಯಾವುದರ ಪಕ್ಕ ಯಾವುದು, ಎಲ್ಲ ಬರೆಯುವವನ ಕೈಲಿ. ಫ್ರೆಂಚ್ ಚಿತ್ರಕಾರ ಸೆಜಾನ್ ಸೇಬುಗಳ ಮುಂದೆ ಎಷ್ಟು ಹೊತ್ತು ಕೂರುತ್ತಿದ್ದ ಅಂದರೆ ಚಿತ್ರ ಮುಗಿಯುವ ಮೊದಲೇ ಹಣ್ಣು ಕೊಳೆಯುತ್ತಿತ್ತು. ಇಟಲಿಯ ಬೊಲೊನ್ಯಾದ ಚಿತ್ರಕಾರ ಮೊರಾಂಡಿ ಅವೇ ಬಾಟಲಿ, ಹೂಜಿಗಳನ್ನು ಸರಿಸಿ ಸರಿಸಿ ಜೀವಮಾನ ಕಳೆದ. ಅವುಗಳ ಮೇಲಿನ ಧೂಳನ್ನೂ ಒರೆಸುತ್ತಿರಲಿಲ್ಲ.

ನಮ್ಮಲ್ಲಿ ಈ ಅಭ್ಯಾಸ ಪಾಠವಾಗಿದ್ದು ಬ್ರಿಟಿಷರ ಕಾಲದ ಕಲಾಶಾಲೆಗಳಿಂದ. ಮದ್ರಾಸಿನದು 1850ರಲ್ಲಿ ಶುರುವಾಯಿತು. ಆದರೆ ಕಣ್ಣು ಮೊದಲೇ ಇತ್ತು. 1117ರಲ್ಲಿ ಪ್ರತಿಷ್ಠೆಯಾದ ಬೇಲೂರು ಚೆನ್ನಕೇಶವ ಗುಡಿಯಲ್ಲಿ ಒಬ್ಬ ಮದನಿಕೆಯ ತಲೆ ಮೇಲೆ ನೋಡಿ: ಬಳ್ಳಿಯಲ್ಲಿ ಹಲಸಿನ ಹಣ್ಣು, ಅದರ ಮೇಲೆ ನೊಣ, ನೊಣಕ್ಕೆ ಹೊಂಚು ಹಾಕಿದ ಹಲ್ಲಿ. ಗೈಡ್ ಬೆರಳು ತೋರಿಸದಿದ್ದರೆ ಕಾಣೋದೇ ಕಷ್ಟ. ಅದು ಸ್ಟಿಲ್ ಲೈಫ್ ಅಲ್ಲ, ಒಪ್ಪುತ್ತೇನೆ. ಆದರೆ ಮೂರು ಶತಮಾನದ ಮೇಲೆ ಯುರೋಪಿನವರೂ ಚಿತ್ರದ ಮೂಲೆಯಲ್ಲಿ ನೊಣ ಕೂರಿಸತೊಡಗಿದರು. ಅದೇ ತುಂಟತನ ಅಲ್ವಾ?

ನನ್ನ ಚಿತ್ರ ಮುಗಿಯಲು ಎರಡು ವಾರ ಹಿಡಿಯಿತು. ಅಷ್ಟರಲ್ಲಿ ಒಂದು ಆಲೂಗಡ್ಡೆ ಮೊಳಕೆ ಒಡೆದಿತ್ತು. ಕೀಳಲು ಹೋದೆ. ‘ಬಿಡೋ, ಅದನ್ನೂ ಬರಿ’ ಅಂದರು ಮೇಷ್ಟ್ರು.